ಕಿಚ್ಚಿನ ಬಯಲಲ್ಲಿ ಒಟ್ಟಿದ ಮೆದೆ

ಆಶ್ರಯ ಎಂಬ ಮಾತನ್ನು ನಿನ್ನೆಯ ಪ್ರವಚನದಿಂದ ವಿಚಾರ ಮಾಡುತ್ತಿದ್ದೇವೆ. ಆಶ್ರಯವನ್ನು ಬೇಡುವುದು ಹೇಗೆ ಎಂಬುದನ್ನು ನಿನ್ನೆ ಹೇಳಿದೆ. ಇಂದು ಹೇಳಬೇಕಾದದ್ದು ಅದಕ್ಕಿಂತ ಕಷ್ಟದ್ದು. ದೊರೆತ ಆಶ್ರಯವನ್ನು ಕಾಪಾಡಿಕೊಳ್ಳುವುದು ಹೇಗೆ? ಇದಕ್ಕೊಂದು ದೃಷ್ಟಾಂತವಿದೆ, ಕೇಳಿ.

ಗುಡ್ಡದ ಬುಡದಲ್ಲಿ ಒಂದು ಊರು; ಆ ಊರಿನಲ್ಲಿ ಒಬ್ಬ ಅನುಕೂಲವಂತ. ಊರಿನ ಹೆಸರು ಹೇಳುವುದಿಲ್ಲ, ಅವನ ಹೆಸರನ್ನೂ ಹೇಳುವುದಿಲ್ಲ. ಹೇಳಿದೆನೆಂದರೆ ಅವನು ಯಾರ ಪೈಕಿ, ಯಾರಿಗೆ ಬೀಗ ಎಂದು ನೀವು ವಿಚಾರಿಸತೊಡಗುತ್ತೀರಿ. ನಿಮ್ಮ ಕಡೆ ನೋಡಿಕೊಳ್ಳುವುದನ್ನು ಮರೆಯುತ್ತೀರಿ. ಯಜಮಾನ ಎಂದು ಕರೆಯೋಣ. ಊರಿನವರೂ ಹಾಗೆಯೇ ಕರೆಯುತ್ತಿದ್ದರು.

ಯಜಮಾನ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಿತ್ತನೆಗೆ ಎತ್ತು ಕೇಳಿದವರಿಗೆ ಇಲ್ಲವೆಂದವನಲ್ಲ, ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದವನಲ್ಲ. ಕೆಟ್ಟವನ ಕಥೆಯಾಗಿದ್ದರೆ ನಿಮಗೆ ಹೇಳುವ ಅಗತ್ಯವೇ ಇರಲಿಲ್ಲ. ನೀವು ಯಾರೂ ಕೆಟ್ಟವರಲ್ಲವಲ್ಲ!

ಆ ಗುಡ್ಡದ ಮೇಲೆ ಆಳೆತ್ತರದ ಹುಲ್ಲು. ಚಳಿಗಾಲ ಕಳೆದರೆ ಅದು ಒಣಗಿ ನಿಲ್ಲುತ್ತಿತ್ತು. ಯಾರೋ ಎಸೆದ ಬೀಡಿ, ಯಾರೋ ಜೇನು ಕೀಳಲು ಹಚ್ಚಿದ ಸೂಡಿ, ಅಷ್ಟು ಸಾಕು, ಗುಡ್ಡ ಹೊತ್ತಿಕೊಳ್ಳುತ್ತಿತ್ತು. ಹಿರಿಯರು ಇದಕ್ಕೆ ಏನು ಮಾಡಿದ್ದರು? ಊರ ಪಕ್ಕದಲ್ಲಿ ಒಂದು ಬಯಲನ್ನು ಬಿಟ್ಟಿದ್ದರು. ಅಲ್ಲಿ ಗಿಡವಿಲ್ಲ, ಮರವಿಲ್ಲ, ಬೇಲಿಯಿಲ್ಲ, ಗುಡಿಯೂ ಇಲ್ಲ. ಅದಕ್ಕೆ ಕಿಚ್ಚಿನ ಬಯಲು ಎಂದು ಹೆಸರು. ಸಂಕ್ರಾಂತಿ ಕಳೆದ ಮೇಲೆ ಮನೆಗೊಂದಾಳು ಗುದ್ದಲಿ ಹಿಡಿದು ಬಂದು ಆ ಬಯಲಿನ ಹುಲ್ಲನ್ನು ಬೇರುಸಹಿತ ಕೆತ್ತಬೇಕು. ಗುಡ್ಡದಲ್ಲಿ ಹೊಗೆ ಕಂಡರೆ ಹಸುಗೂಸು, ಬಾಣಂತಿ, ಮುದುಕರು ಮೊದಲು ಬಯಲಿಗೆ. ಉಳಿದವರು ಅವರ ಹಿಂದೆ. ಬೆಂಕಿ ಬರುತ್ತದೆ, ತಿನ್ನಲು ಏನೂ ಸಿಗದೆ ಬಯಲನ್ನು ಸುತ್ತಿ ಬಳಸಿ ಹೋಗುತ್ತದೆ. ನೋಡಿ, ಎಷ್ಟು ಸರಳ! ಏನೂ ಇಲ್ಲದಿರುವುದೇ ಆ ಬಯಲಿನ ಐಶ್ವರ್ಯ.

ಆದರೆ ಏನೂ ಇಲ್ಲದ ಜಾಗವನ್ನು ಕಂಡರೆ ಮನುಷ್ಯನ ಕೈ ಸುಮ್ಮನಿರುತ್ತದೆಯೇ?

ಒಂದು ವರ್ಷ ರಾಗಿ ಚೆನ್ನಾಗಿ ಬೆಳೆಯಿತು, ಹುಲ್ಲೂ ಹೇರಳವಾಯಿತು. ಯಜಮಾನನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಬಾಣಂತನಕ್ಕೆಂದು ಅವನು ಹಿತ್ತಿಲಲ್ಲಿ ಒಂದು ಕೋಣೆ ಕಟ್ಟಿಸುತ್ತಿದ್ದ. ಪ್ರತಿವರ್ಷ ಮೆದೆ ಒಟ್ಟುತ್ತಿದ್ದ ಜಾಗದಲ್ಲಿ ಕಲ್ಲು, ಮರಳು ಬಿದ್ದಿದ್ದವು. ಹುಲ್ಲನ್ನು ಎಲ್ಲಿ ಒಟ್ಟುವುದು? ಕಿಚ್ಚಿನ ಬಯಲನ್ನು ಆಗಷ್ಟೇ ಕೆತ್ತಿದ್ದರು. ಮಟ್ಟಸವಾದ ನೆಲ, ತೇವವಿಲ್ಲ, ಗೆದ್ದಲಿಲ್ಲ. ಊರಿನವರೆಲ್ಲ ಸೇರಿ ಹಸನು ಮಾಡಿದ ನೆಲವೇ ಮೆದೆಗೆ ಎಲ್ಲಕ್ಕಿಂತ ಒಳ್ಳೆಯ ನೆಲವಾಗಿ ಅವನಿಗೆ ಕಂಡಿತು. ಅಲ್ಲಿ ಎರಡು ಮೆದೆ ಒಟ್ಟಿಸಿದ.

ಪಕ್ಕದ ಮನೆಯವನು ನೋಡಿ ಕೇಳಿದ: “ಏನ್ ಯಜಮಾನ್ರೆ, ಕಿಚ್ಚಿನ ಬಯಲ್ನಾಗೆ ಮೆದೆ ಒಟ್ಟಿದ್ದೀರಿ?”

“ಅಯ್ಯೋ, ನಾಕು ದಿನಕ್ಕೆ ಕಣಪ್ಪ. ಕೋಣೆ ಮುಗೀಲಿ, ಎತ್ತಿಸ್ತೀನಿ. ನಾನೇನು ಅಲ್ಲಿ ಮನೆ ಕಟ್ಟಿದ್ನಾ?”

“ಹಂಗಾದ್ರೆ ನಂದೂ ಒಂದು ಅಲ್ಲೇ ಇರ್ಲಿ ಬಿಡಿ. ನಿಮ್ದು ಎತ್ತಿದ ದಿನ ನಂದೂ ಎತ್ತುತೀನಿ.”

ಕೇಳಿದಿರಾ? ಪ್ರಶ್ನೆ ಕೇಳಲು ಬಂದವನು ಪಾಲುದಾರನಾಗಿ ಹಿಂದಿರುಗಿದ. ಅವನನ್ನು ನೋಡಿ ಇನ್ನೊಬ್ಬ ಸೌದೆ ತಂದು ಹಾಕಿದ. ಮತ್ತೊಬ್ಬ ಬೇಲಿಗೆ ಕಡಿದ ಮುಳ್ಳನ್ನು ಹಾಕಿದ. ಕೋಣೆ ಮುಗಿಯಿತು, ಸುಣ್ಣವೂ ಆಯಿತು, ಮಗಳು ಗಂಡುಮಗುವನ್ನು ಹೆತ್ತಳು. ನಾಲ್ಕು ದಿನ ಮಾತ್ರ ಮುಗಿಯಲಿಲ್ಲ.

ಮೆದೆಗಳ ಸಂದಿಯಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡತೊಡಗಿದವು. ದನಗಳು ಬಾಯಿ ಹಾಕತೊಡಗಿದವು. ಯಜಮಾನ ಜಗುಲಿಯ ಮೇಲೆ ಕುಳಿತು ದಿನವೂ ಕೂಗುತ್ತಿದ್ದ: “ಲೇ, ಬಯಲಿಗೆ ಹೋಗ್ಬ್ಯಾಡ್ರೋ! ಮೆದೆ ತಾವ ನಿಲ್ಬ್ಯಾಡ್ರೋ! ಕಾಲು ಮುರೀತೀನಿ!” ಆ ಕೂಗು ಊರಿನಲ್ಲಿ ಹಾಸ್ಯದ ಮಾತಾಯಿತು. ಬಾವಿಗೆ ಹೊರಟ ಗೆಳತಿಯನ್ನು ಕಂಡರೆ ಹೆಂಗಸರು ಯಜಮಾನನ ಗಂಟಲಿನಲ್ಲಿಯೇ, “ಬಯಲಿಗೆ ಹೋಗ್ಬ್ಯಾಡ್ರೋ!” ಎಂದು ಅಣಕಿಸಿ ನಗುತ್ತಿದ್ದರು. ಈ ಕೂಗನ್ನು ನೆನಪಿಟ್ಟುಕೊಳ್ಳಿ.

ಯುಗಾದಿ ಹತ್ತಿರವಾಗಿತ್ತು. ಒಂದು ದಿನ ನಡುಮಧ್ಯಾಹ್ನ ಗುಡ್ಡದಲ್ಲಿ ಹೊಗೆ ಎದ್ದಿತು. ಗಂಡಸರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯಲು ಗುಡ್ಡ ಹತ್ತಿದರು; ಯಜಮಾನನೂ ಹತ್ತಿದ. ಹೇಡಿತನ ತೋರಿದವನಲ್ಲ ಅವನು, ಎಲ್ಲರಿಗಿಂತ ಮುಂದೆ ಇದ್ದ. ಆದರೆ ಗಾಳಿ ತಿರುಗಿತು. ಬೆಂಕಿ ಊರಿನ ಕಡೆಗೆ ಬಾಗಿತು. ಯಜಮಾನ ದಿಬ್ಬದ ಮೇಲಿಂದ ಕೆಳಗೆ ನೋಡಿದ. ಏನು ಕಂಡಿತು?

ಹಿರಿಯರು ಹೇಳಿಕೊಟ್ಟದ್ದನ್ನು ಊರು ಒಂದಿಷ್ಟೂ ತಪ್ಪದೆ ಮಾಡುತ್ತಿತ್ತು. ಹಸುಗೂಸು, ಬಾಣಂತಿ ಮೊದಲು. ಊರಲ್ಲಿ ಉಳಿದಿದ್ದ ನಾಲ್ವರು ಅವನ ಮಗಳನ್ನು ಮಂಚಸಹಿತ ಹೊತ್ತು ತಂದು ಕಿಚ್ಚಿನ ಬಯಲಲ್ಲಿ ಇಳಿಸಿದರು. ಬಿಸಿಲು ಬಹಳವಾಗಿತ್ತು. ಆದ್ದರಿಂದ ಎಲ್ಲಿ ಇಳಿಸಿದರು? ಮೆದೆಯ ನೆರಳಿನಲ್ಲಿ ಇಳಿಸಿದರು.

ಯಜಮಾನ ಓಡಿದ. ಓಡುತ್ತ ಕೂಗಿದ: “ಬಯಲಿಗೆ ಹೋಗ್ಬ್ಯಾಡ್ರೋ! ಮೆದೆ ತಾವ ನಿಲ್ಬ್ಯಾಡ್ರೋ!”

ಬಯಲಲ್ಲಿದ್ದ ಹೆಂಗಸರು ಮುಖಮುಖ ನೋಡಿಕೊಂಡರು. “ನೋಡ್ರವ್ವಾ, ಗುಡ್ಡ ಉರೀತೈತೆ, ಈವಯ್ಯಂಗೆ ಇನ್ನೂ ಹುಲ್ಲಿನ ಚಿಂತೆ!” ಎಂದಳೊಬ್ಬಳು. “ನಿನ್ನ ಹುಲ್ಲನ್ನ ಮಡಿಲಿಗೆ ತುಂಬ್ಕೊಂಡು ಹೋಗಲ್ಲ, ಬಾರಪ್ಪಾ!” ಎಂದು ಇನ್ನೊಬ್ಬಳು ಮೆದೆಗೆ ಮತ್ತಷ್ಟು ಒರಗಿ ಕುಳಿತಳು.

ಅವನು ಏದುಸಿರು ಬಿಡುತ್ತ ಬಂದು ನಿಂತ. “ಕಿಡಿ ಹಾರ್ತೈತೆ, ಇದು ಹತ್ಕೊಳ್ತದೆ. ಕೆರೆ ಅಂಗಳಕ್ಕೆ ನಡೀರಿ, ಅಲ್ಲಿ ಬರೀ ಮಣ್ಣೈತೆ” ಎಂದು ಕೈಮುಗಿದ. ಒಬ್ಬ ಅಜ್ಜಿ ನೆಲಕ್ಕೆ ಕೋಲು ಕುಟ್ಟಿದಳು: “ನಮ್ಮತ್ತೆ ಕಾಲದಿಂದ ಬಯಲಿಗೇ ಬಂದೋರು ನಾವು. ನಿನ್ನ ಮೆದೆ ಉಳಿಯಾಕೆ ಬಾಣಂತೀನ ಕೆರೆಗಂಟ ಹೊರ್ಬೇಕಾ?”

ಅವನು ಮಗಳ ಕಡೆ ತಿರುಗಿದ. ಮಗಳು ಏನೆಂದಳು? “ಸುಮ್ಕಿರಪ್ಪಾ, ಎಲ್ರೂ ನೋಡ್ತಾವ್ರೆ.”

ಇಲ್ಲಿ ನಿಲ್ಲಿ. ಹೆತ್ತ ಮಗಳಿಗೂ ತಂದೆಯ ಮಾತಿನಲ್ಲಿ ನಂಬಿಕೆ ಬರಲಿಲ್ಲ. ಏಕೆ? ಮಾತು ಸುಳ್ಳಾಗಿತ್ತೇ? ಇಲ್ಲ. ಇಷ್ಟು ದಿನ ಹುಲ್ಲಿಗಾಗಿ ಕೂಗಿದ ಮಾತನ್ನೇ ಇಂದು ಜೀವಕ್ಕಾಗಿ ಕೂಗಿದ. ಮಾತು ಅದೇ, ಗಂಟಲು ಅದೇ. ಕೇಳುವವರು ವ್ಯತ್ಯಾಸವನ್ನು ಹೇಗೆ ತಿಳಿಯಬೇಕು?

ಯಜಮಾನ ಸೊಂಟದಿಂದ ಬೆಂಕಿಪೊಟ್ಟಣ ತೆಗೆದ. ಬಯಲಿನ ಆ ತುದಿಯಲ್ಲಿ, ಗಾಳಿ ಜನರಿಂದ ಆಚೆಗೆ ಬೀಸುತ್ತಿದ್ದ ಕಡೆಯಲ್ಲಿ, ಅವನ ಎರಡನೆಯ ಮೆದೆಯಿತ್ತು. ಅದರ ಬುಡಕ್ಕೆ ಕಡ್ಡಿ ಗೀರಿ ಇಟ್ಟ.

ಮೊದಲು ಎದ್ದವಳು ಆ ಅಜ್ಜಿಯೇ. “ತನ್ನ ಮೆದೆಗೆ ತಾನೇ ಬೆಂಕಿ ಇಕ್ಕಿದ್ನಲ್ರೇ! ಏಳ್ರೇ, ಮಂಚ ಎತ್ರೋ!”

ಎದ್ದರು. ಮಂಚ ಹೊತ್ತರು, ಮುದುಕರನ್ನು ಎಳೆದರು, ಏರಿ ದಾಟಿದರು. ಕೊನೆಯವರು ಕೆರೆಯ ಅಂಗಳಕ್ಕೆ ಇಳಿಯುವಷ್ಟರಲ್ಲಿ ಗುಡ್ಡದ ಕಿಡಿಗಳು ಬಂದು ಬಿದ್ದವು. ಉಳಿದ ಮೆದೆ, ಸೌದೆ, ಮುಳ್ಳು, ಎಲ್ಲವೂ ಒಂದೇ ಜ್ವಾಲೆಯಾದವು. ಮಂಚ ಇಳಿಸಿದ್ದ ಜಾಗವನ್ನು ಯಾರಿಗೂ ಗುರುತಿಸಲಾಗಲಿಲ್ಲ. ನೀರು ಬತ್ತಿ ಬಿರುಕು ಬಿಟ್ಟಿದ್ದ ಕೆರೆಯ ಮಣ್ಣಿನ ಮೇಲೆ, ಕೂಸಿನ ಮುಖಕ್ಕೆ ಸೆರಗು ಹಿಡಿದು ಕುಳಿತರು. ಬೆಂಕಿ ಏರಿಯವರೆಗೆ ಬಂದು ನಿಂತಿತು. ಕೆಲವು ಮನೆಗಳು ಹೋದವು. ಗೂಟದಿಂದ ಬಿಚ್ಚಲು ಮರೆತ ಒಂದು ಎತ್ತು ಹೋಯಿತು. ಜನ ಉಳಿದರು.

ಒಂದು ಮಾತು: ಮೆದೆಗೆ ಬೆಂಕಿ ಹಚ್ಚಿದ್ದನ್ನು ಯಾರೂ ಅನುಕರಿಸಬೇಡಿ. ಅದು ಬೇರೆ ದಾರಿ ಉಳಿಯದವನ ಕೆಲಸ. ಗಾಳಿ ಇನ್ನೊಮ್ಮೆ ತಿರುಗಿದ್ದರೆ ಈ ಕಥೆಯನ್ನು ನಾನು ಬೇರೆ ರೀತಿ ಹೇಳಬೇಕಾಗುತ್ತಿತ್ತು.

ಕೆರೆಯಲ್ಲಿ ಕುಳಿತ ಜನ ಯಜಮಾನನನ್ನು ಹೊಗಳತೊಡಗಿದರು. “ವರ್ಷದ ಮೇವು ಸುಟ್ರಲ್ಲ, ದೊಡ್ಡ ಮನಸ್ಸು ಯಜಮಾನ್ರುದು” ಎಂದ ಪಕ್ಕದ ಮನೆಯವನು. ಆಗ ಮಂಚದ ಮೇಲಿಂದ ಮಗಳು ಹೇಳಿದಳು: “ಸುಟ್ಟಿದ್ದಕ್ಕೆ ಹೊಗಳ್ತೀಯಲ್ಲ ಮಾವ, ಒಟ್ಟಿದ ದಿನ ಬೈಯಾಕೆ ನಿಂಗೆ ಬಾಯಿರ್ಲಿಲ್ವಾ?”

ಯಜಮಾನನೇ, “ಅವಳು ಹೇಳಿದ್ದು ಸರಿ” ಎಂದ.

ತಾಯಂದಿರೇ, ಮಹನೀಯರೇ, ಇದು ತ್ಯಾಗದ ಕಥೆಯಲ್ಲ. ತ್ಯಾಗ ಮಾಡಬೇಕಾದ ಸ್ಥಿತಿಯನ್ನು ಊರೆಲ್ಲ ಸೇರಿ ತಂದುಕೊಂಡ ಕಥೆ. ಆ ಬಯಲನ್ನು ಕೆಡಿಸಿದವನು ಯಜಮಾನನೊಬ್ಬನೇ ಎಂದು ಹೇಳುವಿರಾ? ಮೊದಲ ಮೆದೆ ಅವನದು, ನಿಜ. ಉಳಿದದ್ದನ್ನು ಒಟ್ಟಿದವರು ಯಾರು? ನೋಡಿಯೂ ನಗುತ್ತ ಹೋದವರು ಯಾರು?

ನಿಮ್ಮ ಊರಿಗೂ ಗುಡ್ಡವಿದೆ, ಹುಲ್ಲಿದೆ. ಬೆಂಕಿ ಬಂದರೆ ಎಲ್ಲಿಗೆ ಹೋಗಬೇಕೆಂದು ನಿಮ್ಮ ಸೊಸೆಗೆ ಗೊತ್ತಿದೆಯೇ? ನಿಮ್ಮ ತಾಯಿಯನ್ನು ಹೊರುವವರು ಯಾರೆಂದು ನಿಶ್ಚಯವಾಗಿದೆಯೇ? ಒಂದು ಜಾಗ ಮುಚ್ಚಿಹೋದರೆ ಎರಡನೆಯದು ಯಾವುದು? ಶಾಲೆಯ ಬಯಲು ಎನ್ನುತ್ತೀರಿ. ಬರುವಾಗ ನೋಡಿದೆ; ಅದರ ಬಾಗಿಲಿಗೆ ಅಡ್ಡವಾಗಿ ಒಂದು ಟ್ರ್ಯಾಕ್ಟರ್ ನಿಂತಿದೆ, ಒಳಗೆ ಯಾರದೋ ಜೋಳದ ದಂಟು ಒಣಗುತ್ತಿದೆ. ನಾಳೆ ಬೆಳಿಗ್ಗೆ ಅದು ಅಲ್ಲಿರಬಾರದು. ಯಾರದೆಂದು ಕೇಳಲು ಸಂಕೋಚವೇ? ಕೇಳಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ; ಮುನಿದವನನ್ನು ಹಬ್ಬಕ್ಕೆ ಕರೆದು ಸಮಾಧಾನ ಮಾಡಬಹುದು.

ನಾಳೆಯವರೆಗೆ ಏಕೆ ಹೋಗಬೇಕು? ಈ ಸಭಾಮಂಟಪಕ್ಕೆ ಎರಡು ಬಾಗಿಲುಗಳಿವೆ. ಎಲ್ಲರೂ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ. ಹಿಂಬಾಗಿಲು ಕಾಣುತ್ತಿದೆಯೇ? ಇಲ್ಲ. ಅಲ್ಲಿ ಪ್ರಸಾದದ ಹಂಡೆಗಳಿವೆ, ಅಕ್ಕಿಯ ಮೂಟೆಗಳಿವೆ, ಮಡಿಸಿದ ಜಮಖಾನಗಳಿವೆ. ಒಲೆ ಉರಿಯುತ್ತಿರುವುದು ಮಂಟಪಕ್ಕೆ ತಾಗಿದ ಈ ಚಪ್ಪರದ ಪಕ್ಕದಲ್ಲಿಯೇ. ಚಪ್ಪರ ಹೊದಿಸಿರುವುದು ಒಣ ತೆಂಗಿನ ಗರಿಯಿಂದ.

ಏನು ಹೇಳಿದಿರಿ, ಗುರುಬಸಪ್ಪನವರೇ? ಅಡುಗೆಯ ಉಸ್ತುವಾರಿ ನಿಮ್ಮದಲ್ಲವೇ? ಸ್ವಲ್ಪ ಗಟ್ಟಿಯಾಗಿ ಹೇಳಿ, ಎಲ್ಲರಿಗೂ ಕೇಳಲಿ. “ಇವತ್ತೊಂದು ದಿನಕ್ಕೆ ಬುದ್ಧೀ” ಎಂದಿರಾ?

ನಗಬೇಡಿ. ಆ ಊರಿನವರೂ ನಕ್ಕಿದ್ದರು.

ಗುರುಬಸಪ್ಪನವರೇ, ನೀವೊಬ್ಬರೇ ಏಳಬೇಡಿ, ಮೂಟೆಗಳನ್ನು ನೀವೊಬ್ಬರೇ ತಂದದ್ದಲ್ಲ. ಆ ಬದಿಯಲ್ಲಿ ಕುಳಿತವರೆಲ್ಲ ಏಳಿ, ಹಂಡೆಗಳನ್ನು ಅಂಗಳದಲ್ಲಿ ಇಡಿ, ಬಾಗಿಲನ್ನು ಪೂರ್ತಿ ತೆರೆಯಿರಿ. ಹೊರಗಿನ ಗಾಳಿ ಇಲ್ಲಿಗೆ ಬಂದು ನನ್ನ ಮುಖಕ್ಕೆ ತಾಗಿದ ಮೇಲೆ ಮಂಗಳಾರತಿ. ಅಲ್ಲಿಯವರೆಗೆ ನಾನೂ ಕಾಯುತ್ತೇನೆ.