ಬ್ಲಾಗಿಗೆ ಬಂದವರಿಗೆ ಚಾ

ಅಪ್ಪನದು ಅದಿರು ಲಾರಿಗಳ ವ್ಯಾಪಾರ. ಮಗಳು ಸುಹಾನಾ ಕುರುಗೋಡಿನ ನೆಟ್ ಸೆಂಟರಿನಲ್ಲಿ ದಿನಾ ಕದ್ದು ಓದುತ್ತಿದ್ದುದು ಆ ಲಾರಿಗಳನ್ನೇ ಬೈಯುವ ಬ್ಲಾಗು. ಬಳ್ಳಾರಿಯಲ್ಲಿ ಊರಿನ ಬಸ್ಸಿಗೆ ಕಾಯುತ್ತಿದ್ದವಳ ಕಿವಿಗೆ ಅದನ್ನು ಬರೆಯುವವನು ಗೆಳೆಯನ ಜೊತೆ ಆಡುವ ಮಾತೇ ಬೀಳಬೇಕೆ!

“ಲೇ ಕೊಟ್ಟೂರಪ್ಪ, ಮೈಕು, ಚಾದ ಫ್ಲಾಸ್ಕು ಹಿಡ್ಕಂಡು ಎಲ್ಲಿಗೆ?”

“ಕುರುಗೋಡಿಗೆ. ಅಲ್ಲಿಂದ ಒಬ್ರು ನನ್ನ ಬ್ಲಾಗಿಗೆ ದಿನಾ ಬರ್ತಾರ. ಬಂದೋರಿಗೆ ಒಂದು ಕಪ್ ಚಾನೂ ಕೊಡದಿದ್ರ ಹೆಂಗ?”

“ಓದೋರ ಗುಟ್ಟು ಕಾಪಾಡ್ತೀನಿ ಅಂತ ನೀನ ಬರ್ದೀಯಲ್ಲೋ?”

“ಕಾಪಾಡೀನಿ. ಕಂಪ್ಯೂಟರ್ ಊರಷ್ಟ ತೋರಿಸ್ತೈತಿ. ಹೆಸರು ನನಗೂ ಗೊತ್ತಿಲ್ಲ.”

“ಮತ್ತ ಹೆಂಗ ಹುಡುಕ್ತಿ?”

“ಬಸವೇಶ್ವರ ಗುಡಿ ಮುಂದ ನಿಂತು ಮೈಕಿನ್ಯಾಗ ಕರಿತೀನಿ. ಅಂಜಬ್ಯಾಡ್ರಿ, ನಿಮ್ಮ ಹೆಸರು ಯಾರಿಗೂ ಹೇಳಂಗಿಲ್ಲ ಅಂತ ಅದನ್ನೂ ಮೈಕಿನ್ಯಾಗ ಹೇಳ್ತೀನಿ.”

ಕುರುಗೋಡಿನ ಬಸ್ಸು ಬಂತು. ಗೆಳೆಯರಿಬ್ಬರೂ ಹತ್ತಿದರು. ಸುಹಾನಾ ದುಪಟ್ಟಾ ಮುಖಕ್ಕೆ ಎಳೆದುಕೊಂಡು, ತನ್ನೂರಿನ ಆ ಬಸ್ಸು ಬಿಟ್ಟು ಸಿರುಗುಪ್ಪದ ಬಸ್ಸಿನಲ್ಲಿ ಹೋಗಿ ಕೂತಳು.