ಎಚ್ ಇಲ್ಲದ ಸಂಗೀತಾ

ಇಲ್ಲ ಕಣೆ ಸಂಗೀತಾ, ನೀನು ಏನೂ ಹೇಳ್ಬೇಡ, ಮೊದ್ಲು ಕೂತ್ಕೋ. ನಾನು ಮಾತಾಡಿ ಮುಗಿಸ್ತೀನಿ, ಆಮೇಲೆ ನೀನು. ಬಿಟಿಎಂನಿಂದ ಕತ್ರಿಗುಪ್ಪೆಗೆ ಎರಡು ಬಸ್ ಹತ್ತಿ ಬಂದಿದೀಯ ಅಂದ್ರೆ ಯಾಕೆ ಅಂತ ನಂಗೂ ಗೊತ್ತಾಗತ್ತೆ. ಇಪ್ಪತ್ತಾರೇ ಇಪ್ಪತ್ತಾರು ಓಟಲ್ಲಿ ನೀನು ಸೋತೆ. ನಂಗೂ ಬೇಜಾರಾಯ್ತು. ಆಗ್ಲಿಲ್ಲ ಅಂದ್ಕೊಂಡ್ಯಾ?

ನೋಡು, ಆ ವೆಬ್‌ಸೈಟ್‌ನೋರೇ ಸರಿ ಇಲ್ಲ. ಚಿತ್ರ ಬರೆಯೋರಿಗೆ ಸ್ಪರ್ಧೆ ಇಟ್ಟು, ಹೆಸರು ಟೈಪ್ ಮಾಡಿ ಓಟ್ ಒತ್ತಿ ಅಂದ್ರೆ? ಚಿತ್ರ ಯಾರು ನೋಡ್ತಾರೆ? ನಮ್ಮ ಅಂಜನಮ್ಮತ್ತೆ ಹುಟ್ಟಿದಾಗಿಂದ ಮೌಸ್ ಹಿಡಿದೋರಲ್ಲ. ಅವ್ರನ್ನೂ ಸೈಬರ್ ಕೆಫೆಗೆ ಕರ್ಕೊಂಡೋಗಿ ಕೂರ್ಸಿದೀನಿ, ನಿನಗೋಸ್ಕರ. ಇನ್ನೂರು ಚೀಟಿ ಜೆರಾಕ್ಸ್ ಮಾಡ್ಸಿ ಹಂಚ್ದೋಳು ನಾನು. ಈ ಹೆಸರು ಟೈಪ್ ಮಾಡಿ, ಮೊದ್ಲು ಬರೋರಿಗೆ ಓಟ್ ಹಾಕಿ ಅಂತ. ಹೌದು, ಚೀಟೀಲಿ ಇಂಗ್ಲಿಷಲ್ಲಿ ನಿನ್ನ ಹೆಸರಿಗೆ ಒಂದು ಎಚ್ ಜಾಸ್ತಿ ಬಿತ್ತು. ಎಚ್ ಹಾಕಿದ್ರೆ ಈಗ ಗೆದ್ದಿದಾಳಲ್ಲ, ಮಲ್ಲೇಶ್ವರದ ಆ ಇನ್ನೊಬ್ಬಳು ಸಂಗೀತಾ, ಅವಳೇ ಮೊದ್ಲು ಬರ್ತಾಳೆ ಅಂತ ನಂಗೇನು ಕನಸು ಬಿದ್ದಿತ್ತಾ?

'ತ' ಬಂದ್ರೆ ಟಿ ಎಚ್ ಹಾಕೋದು ನಮ್ಮ ಬೆಂಗಳೂರು ಕಡೆ ಅಭ್ಯಾಸ. ನಿಮ್ಮ ಧಾರವಾಡದ ಕಡೆ ಬರೀ ಟಿ. ಕೈತಪ್ಪು, ಅಷ್ಟೇ... ಯಾಕೆ ನಗ್ತೀಯ? ನಗ್ಲಿಲ್ವಾ? ಸರಿ.

ಆ ಶಿವಕಿರಣ್ ಏನು ಹೇಳ್ದ? ಸೈಬರ್ ಕೆಫೆಯೋನು. ಅವ್ನೇ ತಾನೆ ನಿಂಗೆ ಹೇಳಿರೋದು. ಜೆರಾಕ್ಸ್ ಮಾಡೋಕ್ ಮುಂಚೆ ಚೀಟಿ ನೋಡಿ ಕೇಳ್ದ, ಇಲ್ಲ ಅನ್ನಲ್ಲ. 'ಅಕ್ಕ, ಸೈಟಲ್ಲಿ ಇವ್ರ ಹೆಸರಿಗೆ ಎಚ್ ಇಲ್ವಲ್ಲ' ಅಂದ. ನಾನು... ಇರ್ಲಿ ಬಿಡು ಅಂದೆ. ಆಮೇಲೆ ತಿದ್ದೋಣ ಅಂತಿದ್ದೆ. ಆಮೇಲೆ... ತಿದ್ಲಿಲ್ಲ.

ಹನ್ನೊಂದು ವರ್ಷ ಕಣೆ. ಪರಮಶಿವಯ್ಯ ಮೇಷ್ಟ್ರ ಪೇಂಟಿಂಗ್ ಕ್ಲಾಸಿಗೆ ಹನ್ನೊಂದು ವರ್ಷದಿಂದ ಹೋಗ್ತಿದೀನಿ. ನೀನು ಬಂದು ಎರಡು ವರ್ಷ ಆಗಿಲ್ಲ, ಕ್ಲಾಸಿನ ಬಾಗಿಲ ಎದುರಿಗಿದ್ದ ನನ್ನ ಸಾರಕ್ಕಿ ಕೆರೆ ಚಿತ್ರ ಇಳಿಸಿ ನಿನ್ನ ಎಮ್ಮೆ ಚಿತ್ರ ನೇತು ಹಾಕಿದ್ರು. ಸ್ಪರ್ಧೆಗೆ ಇಬ್ರೂ ಕಳ್ಸಿದ್ವಿ, ನಿಂದು ಮಾತ್ರ ತಗೊಂಡ್ರು. ಎಲ್ಲರ ಮುಂದೆ ಚಪ್ಪಾಳೆ ತಟ್ಟಿದೋಳೂ ನಾನೇ. ಮನೆಗೆ ಬಂದು ಅವತ್ತು ಊಟ ಸೇರ್ಲಿಲ್ಲ, ಅಷ್ಟು ಹೊಟ್ಟೆ ಉರೀತಿತ್ತು. ಆ ಎಮ್ಮೆ ಕಣ್ಣು ಇದ್ಯಲ್ಲ, ಅದನ್ನ ನಾನು ಏಳು ಜನ್ಮ ಎತ್ತಿದ್ರೂ ಬರೆಯಕ್ಕಾಗಲ್ಲ. ಗೊತ್ತು ನಂಗೆ.

ಬೈಯೋದಾದ್ರೆ ಬೈದ್ಬಿಡು.

ಇದೇನು, ಕಾರ್ಡಾ?... ಜಯನಗರದಲ್ಲಿ ಮೇಷ್ಟ್ರು ಹಾಲ್ ಕೊಡ್ಸಿದಾರಾ? ಇಬ್ಬರ ಚಿತ್ರಗಳ ಪ್ರದರ್ಶನ... ನಂದೂನಾ? ನನ್ನ ಹೆಸರೇ ಮೊದ್ಲು ಹಾಕ್ಸಿದೀಯ. ವಿಜಯಲಕ್ಷ್ಮಿ. ನಿಮ್ಮ ಕಡೆಯೋರು ಲಕ್ಷ್ಮಿಗೆ ಎಕ್ಸ್ ಹಾಕ್ತಾರಲ್ವಾ? ನೀನು ನಾನು ಬರೆಯೋ ಹಾಗೇ, ಕೆ ಎಸ್ ಎಚ್ ಅಂತ... ಯಾರನ್ನ ಕೇಳಿ ತಿಳ್ಕೊಂಡೆ?

ಇದನ್ನ ಕೊಡೋಕೆ ಬಂದ್ಯಾ. ಬರೀ ಇದನ್ನ ಕೊಡೋಕೆ...

ಸಂಗೀತಾ, ಶಿವಕಿರಣ್ ನಿಂಗೆ ಏನೂ ಹೇಳೇ ಇರ್ಲಿಲ್ವಾ?