ಹತ್ತನೇ ಸಹಿ

...ಇಲ್ಲ ಮಾವ, ಬಾಗಿಲು ಒದ್ದಿದ್ದು ನಾನಲ್ಲ, ನಿಮ್ಮ ಗುಮಾಸ್ತರು. ಒದ್ದು, ಹೆಬ್ಬೆರಳು ಹಿಡ್ಕೊಂಡು, ಕುಂಟ್ತಾ ಆಚೆ ಹೋದ್ರು. ಈಗ ಇಲ್ಲಿ ನಾನೊಬ್ಬನೇ. ಹ್ಞೂಂ, ಕೋತಿನೇ. ನಿಮ್ಮ ತಂಗಿ ಮಗ. ಹತ್ತನೇ ಕ್ಲಾಸನ್ನ ಮೂರು ಸಲ ಓದಿದ ಮಹಾಪಂಡಿತ. ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದೀನಿ. ನೀವು ಒಳಗೆ, ನಾನು ಹೊರಗೆ, ಮಧ್ಯೆ ಒಂದು ಚಿಲಕ. ಆರಾಮಾಗಿ ಮಾತಾಡೋಣ.

ಓಹೋ, ನಲ್ಲಿ ಬಿಟ್ರಾ? ನನ್ನ ಮಾತು ಕೇಳಬಾರದು ಅಂತ ತಾನೆ? ಬಿಡಿ ಬಿಡಿ, ತೊಟ್ಟಿ ನೀರು ಎಷ್ಟು ಹೊತ್ತು ಬರುತ್ತೆ! ಬೆಳಗ್ಗೆ ನಿಮ್ಮ ಬೆಂಬಲಿಗರು ಐವತ್ತು ಜನ ಬಂದು ಕೈಕಾಲು ಮುಖ ತೊಳ್ಕೊಂಡು, ಕಾಫಿ ಕುಡಿದು, ಜೈಕಾರ ಹಾಕಿ ಹೋಗಿದಾರೆ... ನೋಡಿ, ನಿಂತೇಹೋಯ್ತು. ಹೇಳಿದ್ನಲ್ಲ!

ಬೈಬೇಡಿ ಮಾವ. ನಾಲ್ಕು ಸಲ ಗೆದ್ದವರು, ಎರಡು ಸಲ ಸೋತವರು, ಒಂದು ಸಲ ಮಂತ್ರಿ ಆದವರು... ನಾಮಪತ್ರ ಬಿದ್ದುಹೋಯ್ತು ಅಂತ ಬಚ್ಚಲು ಸೇರ್ಕೊಂಡ್ರೆ ಜನ ಏನಂತಾರೆ? ಆಚೆ ಇಬ್ಬರು ಪತ್ರಕರ್ತರು ಕಾಯ್ತಾ ಇದಾರೆ. 'ಸಾಹೇಬ್ರು ಧ್ಯಾನದಲ್ಲಿದಾರೆ' ಅಂದೆ. ಒಬ್ಬರು ಬರ್ಕೊಂಡೂ ಬಿಟ್ರು.

ಆಯ್ತು, ತಪ್ಪು ನಂದೇ. ಒಪ್ಕೊಂಡೆ. ಪಕ್ಷ ಟಿಕೆಟ್ ಕೊಡಲಿಲ್ಲ, ಪಕ್ಷೇತರ ನಿಂತ್ರಿ. ಪಕ್ಷೇತರ ಅಂದ್ರೆ ಹತ್ತು ಮತದಾರರ ಸಹಿ ಬೇಕು. ಒಂಬತ್ತು ಸಿಕ್ತು, ಹತ್ತನೇದಕ್ಕೆ ನನ್ನ ಕತ್ತಿನ ಪಟ್ಟಿ ಹಿಡಿದು ಎಳ್ಕೊಂಡು ಬಂದ್ರಿ. 'ಲೋ, ನಿನಗೆ ಹದಿನೆಂಟು ತುಂಬಿತಲ್ಲ, ಇಲ್ಲಿ ಗೀಚು' ಅಂದ್ರಿ, ಗೀಚಿದೆ. ಇವತ್ತು ಪರಿಶೀಲನೆಯಲ್ಲಿ ಆ ಅಧಿಕಾರಿ ಕನ್ನಡಕ ಮೂಗಿನ ತುದಿಗೆ ಇಳಿಸಿ, 'ಈ ಹುಡುಗ ಮೊದಲೇ ಇನ್ನೊಬ್ಬ ಅಭ್ಯರ್ಥಿಗೆ ಸಹಿ ಹಾಕಿದ್ದಾನೆ, ಎರಡನೇ ಸಹಿ ನಡೆಯಲ್ಲ, ನಿಮ್ಮದು ಒಂಬತ್ತೇ' ಅಂದುಬಿಟ್ಟರು. ನೀವು ಪೂರ್ತಿ ಕೇಳ್ದೇನೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಂದ್ರಿ.

ಏನು? ಯಾರ ಅರ್ಜಿಗಾ? ಅಯ್ಯೋ, ಯಾವುದೋ ಒಂದು ಅರ್ಜಿ ಮಾವ! ಅಂಗಡಿ ಮುಂದೆ ನಿಂತಿದ್ದೆ, ಯಾರೋ ಕಾಗದ ಕೊಟ್ರು, ಹಾಕಿದೆ. ಮರೆತುಹೋಯ್ತು. ನನ್ನ ತಲೆ ಗೊತ್ತಲ್ಲ ನಿಮಗೆ, ನೀವೇ ಹೇಳ್ತೀರಲ್ಲ, ಖಾಲಿ ಡಬ್ಬ ಅಂತ. ಡಬ್ಬದಲ್ಲಿ ಏನು ನಿಲ್ಲುತ್ತೆ?

ಅತ್ತೆನಾ? ಅತ್ತೆ ಹಲ್ಲಿನ ಡಾಕ್ಟರ ಹತ್ರ ಹೋಗಿದಾರೆ. ನಿನ್ನೆನೂ ಹೋಗಿದ್ರು, ಹೌದು. ದೊಡ್ಡ ಹಲ್ಲು ಮಾವ, ಒಂದೇ ದಿನಕ್ಕೆ ಮುಗಿಯೋದಲ್ಲ.

ಇರಲಿ, ಹಳೇದು ನೆನಪು ಮಾಡ್ಕೊಳ್ಳಿ, ಮನಸ್ಸು ಹಗುರ ಆಗುತ್ತೆ. ಮೊದಲನೇ ಚುನಾವಣೆ! ಮೂವತ್ತು ವರ್ಷದ ಹಿಂದೆ, ಕೊಡೆ ಗುರುತು. ದೊಡ್ಡ ಅಭ್ಯರ್ಥಿಗಳಿಬ್ಬರು ಒಬ್ಬರನ್ನೊಬ್ಬರು ಬೈಯೋದರಲ್ಲಿ ಮುಳುಗಿದ್ರು, ನೀವೂ ನಿಂತಿದೀರಿ, ನಿಮ್ಮನ್ನೂ ಬೈಬೇಕು ಅನ್ನೋದನ್ನೇ ಮರೆತ್ರು. ಇನ್ನೂರ ಹನ್ನೆರಡು ಮತದಲ್ಲಿ ಗೆದ್ರಿ! ಗೆದ್ರಿ ಅಂತ ಹೇಳೋಕೆ ಬಂದಾಗ ನೀವು ಮಲಗಿದ್ರಂತೆ, ಅಮ್ಮ ಹೇಳ್ತಾಳೆ. ಎಬ್ಬಿಸಿದ್ರೆ, 'ಯಾರು ಗೆದ್ರು?' ಅಂದ್ರಂತೆ.

ಎರಡನೇ ಸಲ, ಕ್ಷೇತ್ರದ ಅಭಿವೃದ್ಧಿಗಾಗಿ ಆಳುವ ಪಕ್ಷಕ್ಕೆ ಹೋದ್ರಿ. ಗೆದ್ರಿ. ಮೂರನೇ ಸಲ ಆ ಪಕ್ಷ ಬಿತ್ತು, ಮತ್ತೆ ಕ್ಷೇತ್ರದ ಅಭಿವೃದ್ಧಿಗಾಗಿ ಇನ್ನೊಂದಕ್ಕೆ ಹೋದ್ರಿ. ಗೆದ್ರಿ. ಪಾಪ, ಕ್ಷೇತ್ರ ಮಾತ್ರ ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲೇ ಇದೆ.

ಕೆಮ್ಮಿದ್ರಾ, ನಕ್ರಾ? ಕೆಮ್ಮಿದ್ದು. ಸರಿ.

ಮಂತ್ರಿ ಆಗಿದ್ದು ಆವಾಗ ತಾನೆ? ಹತ್ತೊಂಬತ್ತು ದಿನ! ಮೀನುಗಾರಿಕೆ! ಮೀನಿನ ವಾಸನೆ ಬಂದ್ರೆ ನಿಮಗೆ ತಲೆನೋವು. ಹತ್ತು ದಿನ ಕುರ್ಚಿ ಆರಿಸೋದರಲ್ಲಿ ಹೋಯ್ತು. ಎಂಟು ದಿನ ಹಾರ ಹಾಕಿಸ್ಕೊಳ್ಳೋದರಲ್ಲಿ ಹೋಯ್ತು. ಹತ್ತೊಂಬತ್ತನೇ ದಿನ ಬಡಗಿ ನಾಮಫಲಕ ತಂದು ಮೊದಲನೇ ಮೊಳೆ ಹೊಡೀತಾ ಇದ್ದ ಹಾಗೆ ಸರ್ಕಾರ ಬಿತ್ತು. ಆ ಫಲಕ ಎಲ್ಲಿದೆ ಗೊತ್ತಾ? ಅಡುಗೆಮನೇಲಿ. ತಿರುಗಿಸಿ ಹಾಕ್ಕೊಂಡು ಅತ್ತೆ ಅದರ ಮೇಲೆ ತರಕಾರಿ ಹೆಚ್ತಾರೆ. ಒಳ್ಳೇ ಮರ ಮಾವ, ಇನ್ನೂ ಒಂದು ಗೀರು ಬಿದ್ದಿಲ್ಲ.

ಇನ್ನು ನಿಮ್ಮ ಭಾಷಣ! ಇಪ್ಪತ್ತು ವರ್ಷ ಶಾಸಕರಾಗಿ ಸಭೇಲಿ ನೀವು ಆಡಿದ ಮಾತು ಒಂದೇ ಒಂದು. 'ಆ ಫ್ಯಾನ್ ಸ್ವಲ್ಪ ಜೋರು ಮಾಡಿ.' ಕಡತದಲ್ಲಿದೆ, ನಾನೇ ಗ್ರಂಥಾಲಯದಲ್ಲಿ ನೋಡಿದೀನಿ. ಕೆಳಗೆ ಆವರಣದಲ್ಲಿ 'ಮೇಜು ಕುಟ್ಟುವ ಸದ್ದು' ಅಂತಾನೂ ಹಾಕಿದಾರೆ. ಪಾಪ, ಎಲ್ಲರಿಗೂ ಸೆಕೆ ಆಗಿತ್ತು ಅನ್ಸುತ್ತೆ.

ಚೊಂಬು ಎಸೆದ್ರಾ? ಎಸೀರಿ, ಹಿತ್ತಾಳೆ, ಒಡೆಯಲ್ಲ.

ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ ಮಾವ! ಬಸ್ ತಂಗುದಾಣ ಕಟ್ಟಿಸಿದ್ರಲ್ಲ. ಅದರ ಮೇಲೆ ನಿಮ್ಮ ಹೆಸರಿನ ಬೋರ್ಡು ಚಾವಣಿಗಿಂತ ದೊಡ್ಡದು. ಮಳೆ ಬಂದ್ರೆ ಜನ ತಂಗುದಾಣ ಬಿಟ್ಟು ಬೋರ್ಡಿನ ಕೆಳಗೆ ನಿಲ್ತಾರೆ. ನಿಮ್ಮ ಹೆಸರಿನ ಆಶ್ರಯ ಅಂದ್ರೆ ಅದು! ಬಸ್ಸು ಅಲ್ಲಿ ನಿಲ್ಲಲ್ಲ, ಅದು ಬೇರೆ ವಿಷಯ.

ನಾಲ್ಕನೇದು ಸೋತ್ರಿ. ಶಾಲೆ ಮೇಷ್ಟ್ರು ಒಬ್ಬರು ಸೋಲಿಸಿದ್ರು. ಐದನೇದಕ್ಕೆ ಮತ್ತೆ ಹಳೇ ಪಕ್ಷಕ್ಕೆ ವಾಪಸ್, ಗೆದ್ರಿ. ಆರನೇದು... ಹೂಂ. ಆರನೇದೂ ನನ್ನಿಂದಾನೇ ಹೋಗಿದ್ದು, ಗೊತ್ತು. ಎಷ್ಟು ಸಲ ಹೇಳ್ತೀರಿ? ನನಗಾವಾಗ ಹದಿಮೂರು. ಪ್ರಚಾರದ ಆಟೋದಲ್ಲಿ ಕೂರಿಸಿ, 'ನನ್ನ ಭಾಷಣ ಹಾಕ್ತಾ ಹೋಗೋ' ಅಂದ್ರಿ. ಪೆಟ್ಟಿಗೆ ತುಂಬ ನಿಮ್ಮ ಭಾಷಣಗಳು! ಯಾವ ಪಕ್ಷದಲ್ಲಿದ್ದಾಗಿನದು ಅಂತ ಒಂದರ ಮೇಲಾದ್ರೂ ಬರೆದಿತ್ತಾ? ಕೈಗೆ ಸಿಕ್ಕಿದ್ದು ಹಾಕಿದೆ. ಮೂರು ಬೀದಿ ಸುತ್ತಿದ ಮೇಲೆ ಗೊತ್ತಾಯ್ತು, ನೀವು ನಿಮ್ಮದೇ ಪಕ್ಷಕ್ಕೆ 'ಈ ಕಳ್ಳರ ಗುಂಪಿಗೆ ಒಂದು ಮತವೂ ಬೀಳಬಾರದು' ಅಂತ ಕೂಗ್ತಾ ಇದೀರಿ! ಜನ ಚಪ್ಪಾಳೆ ಹೊಡೆದ್ರು ಮಾವ. ನಿಮ್ಮ ಮಾತನ್ನ ಅವರು ಕೇಳಿ ನಡೆಸಿಕೊಟ್ಟಿದ್ದು ಅದೊಂದು ಸಲ.

ಅದು ತಮಾಷೆಗೆ ಮಾಡಿದ್ದು. ಹೌದು, ಮೊದಲನೇ ಬೀದಿ ಗೊತ್ತಿಲ್ದೆ, ಇನ್ನೆರಡು ತಮಾಷೆಗೆ. ಈಗ ಹೇಳ್ತಿದೀನಿ.

ಏನೂ ಅನ್ನಲ್ವಾ?

ಬೈಯಿರಿ ಮಾವ. ಐದು ವರ್ಷದಿಂದ ಮುಚ್ಚಿಟ್ಟಿದ್ದು ಹೇಳಿದೆ, ಒಂದು ಬೈಗುಳನಾದ್ರೂ ಕೊಡಿ. ಚೊಂಬು ಇನ್ನೊಂದು ಸಲ ಎಸೀರಿ... ಮಾವ? ಕೆಮ್ಮಿ ಸಾಕು. ಕೆಮ್ಮು ಬರದಿದ್ರೆ ಸುಮ್ನೆ ಗಂಟಲು ಸರಿ ಮಾಡ್ಕೊಳ್ಳಿ.

ಮಾವ, ಎದೆ ಗಿದೆ ನೋವಿಲ್ಲ ತಾನೆ? ನಾಲ್ಕನೇದು ಸೋತಾಗ ಹಿಡ್ಕೊಂಡಿತ್ತಲ್ಲ... ನೋಡಿ, ಆಟ ಬೇಡ. ಆಟ ಆಡೋದು ನನ್ನ ಕೆಲಸ. ಮಾವ! ನಾನು ಕಿಟಕಿಯಿಂದ ಹತ್ತಿ ಬರ್ತೀನಿ, ಆಮೇಲೆ ಅಂಥ ಸ್ಥಿತೀಲಿ ನೋಡಿದ ಅಂತ ಬೈಬೇಡಿ. ಬಾಗಿಲು ತಟ್ತಿದೀನಿ, ಕೇಳ್ತಿದೆಯಾ? ಮಾವಾ!

ಸರಿ. ಸರಿ, ಹೇಳ್ತೀನಿ. ಏಳಿ, ಎದ್ದು ಕೂತ್ಕೊಳ್ಳಿ. ಮುಗಿದಿಲ್ಲ. ನಿಮ್ಮ ನಾಮಪತ್ರ ಇನ್ನೂ ಸತ್ತಿಲ್ಲ. ನೀವು ಎದ್ದುಬಂದ ಮೇಲೆ ಆ ಅಧಿಕಾರಿ ನನ್ನ ಕೈಗೆ ಒಂದು ಚೀಟಿ ಕೊಟ್ರು. ಮೂರು ಗಂಟೆಯೊಳಗೆ ಇನ್ನೊಬ್ಬ ಮತದಾರರು ಬಂದು ಅವರ ಎದುರಿಗೇ ಸಹಿ ಹಾಕಿದ್ರೆ ನಡೆಯುತ್ತಂತೆ. ಚೀಟಿ ನನ್ನ ಜೇಬಲ್ಲಿದೆ. ಹನ್ನೆರಡು ಗಂಟೆಯಿಂದ ಇದೆ.

ಯಾಕೆ ಹೇಳಲಿಲ್ಲ ಅಂದ್ರೆ... ಮೂರು ಹೊಡೀಲಿ ಅಂತ. ಅದಕ್ಕೇ ಕತೆ ಹೇಳ್ತಾ ಕೂತಿದ್ದೆ.

ಮರೆವೂ ಅಲ್ಲ ಮಾವ. ನಾನು ಮೊದಲು ಸಹಿ ಹಾಕಿದ್ದು ಅತ್ತೆ ಅರ್ಜಿಗೆ.

ಹೂಂ. ನಮ್ಮ ಅತ್ತೆ. ಹಲ್ಲು ಗಟ್ಟಿಯಾಗಿದೆ, ಹಲ್ಲಿಗೇನೂ ಆಗಿಲ್ಲ. ನಿನ್ನೆ ಬೆಳಗ್ಗೆ ನಾಮಪತ್ರ ಹಾಕಿದ್ರು. ನೀವು ಮಧ್ಯಾಹ್ನ ಮೆರವಣಿಗೇಲಿ ಹೋದ್ರಿ, ಅವರು ಬೆಳಗ್ಗೆ ನಡ್ಕೊಂಡು ಹೋದ್ರು, ಕೈಲಿ ತರಕಾರಿ ಚೀಲ. ದರ್ಜಿಯವಳು, ಔಷಧಿ ಅಂಗಡಿಯವರು, ನಿಮ್ಮನ್ನ ಸೋಲಿಸಿದ ಆ ಮೇಷ್ಟ್ರು, ನಮ್ಮಮ್ಮ, ಎಲ್ಲರದೂ ಸಹಿ ಇದೆ. ಹತ್ತು ಸಾಕಾಗಿತ್ತು, ಇನ್ನೂ ಹದಿನೇಳು ಜನ ಸಾಲಲ್ಲಿ ನಿಂತಿದ್ರು.

ನೀವು ಯಾವತ್ತೂ ಹಿಂದೆ ತಿರುಗಿ ನೋಡಿಲ್ಲ, ಅದಕ್ಕೇ ಗೊತ್ತಾಗಿಲ್ಲ. ಮೂವತ್ತು ವರ್ಷ ಎಲ್ಲಿಗೆ ಹೋದ್ರೂ ನಿಮ್ಮ ಹೆಗಲ ಹಿಂದೆ ಅತ್ತೆ ಇರ್ತಿದ್ರು. 'ಇವರ ಮಗಳಿಗೆ ಹೆರಿಗೆ ಆಗಿದೆ', 'ಇವರ ಬಾವಿ ಬತ್ತಿದೆ' ಅಂತ ಕಿವೀಲಿ ಹೇಳ್ತಿದ್ರು. ನೀವು ಜೋರಾಗಿ, 'ಏನಮ್ಮಾ, ಮಗಳು ಹೇಗಿದಾಳೆ?' ಅಂತಿದ್ರಿ. ಜನ, 'ಆಹಾ, ಎಷ್ಟು ನೆನಪಿಟ್ಕೊಂಡಿದಾರೆ!' ಅಂತಿದ್ರು.

ಒಂದು ಹೇಳ್ಲಾ? ನಗಬೇಡಿ. ನನ್ನ ಸಹಿ ಇದುವರೆಗೂ ಯಾವುದಕ್ಕೂ ಬೇಕಾಗಿಲ್ಲ. ಅಂಕಪಟ್ಟಿ ತಗೊಳ್ಳೋವಾಗ ಹಾಕ್ತಿದ್ದೆ, ಅದರಲ್ಲೂ ಗುಮಾಸ್ತರು ನಗ್ತಿದ್ರು. ನೀವು 'ಗೀಚು' ಅಂದ್ರಿ. ಅತ್ತೆ ಕುರ್ಚಿ ಹಾಕಿ ಕೂರಿಸಿದ್ರು. ಕಾಗದ ಪೂರ್ತಿ ಓದಿಸಿದ್ರು, ತಡವರಿಸಿ ತಡವರಿಸಿ ಓದಿದೆ. 'ಯೋಚನೆ ಮಾಡಿ ಹಾಕೋ, ಮಾವನಿಗೆ ಬೇಜಾರಾಗಬಹುದು' ಅಂದ್ರು. ಒಂದು ರಾತ್ರಿ ಯೋಚನೆ ಮಾಡಿ ಹಾಕಿದೆ. ಆಮೇಲೆ ನಿಮ್ಮದಕ್ಕೂ ಹಾಕಿದೆ, ಎರಡನೇದು ನಡೆಯಲ್ಲ ಅಂತ ಗೊತ್ತಿದ್ದೇ ಹಾಕಿದೆ. ನಾನು ಜೀವಮಾನದಲ್ಲಿ ತಮಾಷೆಗೆ ಮಾಡದೇ ಇರೋದು ಇದೊಂದೇ ಮಾವ.

ಉಸಿರು ಕೇಳ್ತಿದೆ. ಅಬ್ಬಾ! ಉಸಿರಾಡ್ತಾ ಇದೀರಿ. ಬದುಕಿದೆ ನಾನು.

ಈಗ ಬಾಗಿಲು ತೆಗೆದು ನನ್ನ ಹೊಡೀರಿ. ಇಲ್ಲಾಂದ್ರೆ ಹೊರಡಿ, ಎರಡೂ ಕಾಲಾಗಿದೆ, ಮುಕ್ಕಾಲು ಗಂಟೆ ಇದೆ. ಡ್ರೈವರಿಗೆ ಹೇಳಿ ಎಂಜಿನ್ ಶುರು ಮಾಡಿಸ್ತೀನಿ. ಮೋಸ ಮಾಡಿದೋನು ನಾನು, ನಾನೇ ಸರಿ ಮಾಡ್ತೀನಿ, ಓಡಿಹೋಗಿ ಕರ್ಕೊಂಡು ಬರ್ತೀನಿ. ಈ ಮನೇಲಿ ಸಂಬಳ ತಗೊಳ್ಳೋರು ಬೇಡ, ಆಗಲೇ ಹಾಕಿರೋ ಒಂಬತ್ತು ಸಹಿನೂ ಅವರದೇ. ಬೇರೆ ಯಾರಾದ್ರೂ ಸರಿ, ಬೆಳಗ್ಗೆ ಜೈಕಾರ ಹಾಕಿದವರಲ್ಲಿ ಒಬ್ಬರಾದ್ರೂ ಸರಿ. ಕ್ಷೇತ್ರದಲ್ಲಿ ಒಂದು ಲಕ್ಷದ ಅರವತ್ತು ಸಾವಿರ ಮತದಾರರಿದಾರೆ, ನಿಮಗೆ ಬೇಕಾಗಿರೋದು ಒಬ್ಬರು. ಯಾರನ್ನ ಕರೀಲಿ? ಹೆಸರು ಹೇಳಿ.

ಪೂರ್ತಿ ಹೆಸರು ಬೇಡ, ಕರೆಯೋ ಹೆಸರು ಸಾಕು.

ಹೋಗ್ಲಿ, ಯಾವ ಬೀದಿ?

...ಯೋಚನೆ ಮಾಡಿ ಮಾವ. ನಾನು ಕಾಯ್ತೀನಿ.